ಎಣಿಸಿ ಒಳಗೆ ಬಿಟ್ಟ ಅತಿಥಿಗಳು

ಹಂಪಿಗೆ ಹೋಗಿಬಂದವರಿಗೆ ಡೊಮಿಂಗೊ ಪಾಯೆಸ್ ಎಂಬ ಹೆಸರು ಕಿವಿಗೆ ಬಿದ್ದಿರುತ್ತದೆ. ಸುಮಾರು 1520ರ ಹೊತ್ತಿಗೆ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರವನ್ನು ಕಂಡ ಪೋರ್ಚುಗೀಸ ಆತ. ಈ ನಗರ ರೋಮ್‌ನಷ್ಟು ದೊಡ್ಡದಾಗಿ ಕಂಡಿತೆಂದು ಅವನು ಬರೆದದ್ದನ್ನು ಅಲ್ಲಿನ ಗೈಡುಗಳು ಬಾಯಿಪಾಠ ಒಪ್ಪಿಸುತ್ತಾರೆ. ಕಳೆದ ಚಳಿಗಾಲ ಮ್ಯಾಂಚೆಸ್ಟರ್‌ನಿಂದ ಬಂದಿದ್ದ ಗೆಳತಿಯನ್ನು ಕರೆದುಕೊಂಡು ಹೋದಾಗ, ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯಲ್ಲಿ ನಿಂತು ನಾನೂ ಅದನ್ನೇ ಹೇಳಿದೆ. ಅವಳು ಕೇಳಿದಳು: “ಅವನಿಗೆ ಈ ಊರು ತೋರಿಸಿದವರು ಯಾರು?”

ಉತ್ತರ ಪಾಯೆಸ್‌ನ ಬರಹದಲ್ಲೇ ಇತ್ತು. ರಾಬರ್ಟ್ ಸೀವೆಲ್ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ ಇಂಗ್ಲಿಷಿಗೆ ತಂದ ಆ ಬರಹವನ್ನು ನಾನು ಹಲವು ಸಲ ಓದಿದ್ದೇನೆ. ಆದರೆ ಓದಿದ್ದೆಲ್ಲ ಊರಿನ ವಿಸ್ತಾರ, ಸೈನ್ಯದ ಲೆಕ್ಕ, ಮಹಾನವಮಿಯ ವೈಭವಕ್ಕಾಗಿ.

ಪಾಯೆಸ್ ಇದ್ದ ತಂಡದ ಮುಖಂಡ ಫಿಗರೇದೊ ಅರಸನಲ್ಲಿ ಒಂದು ಕೋರಿಕೆ ಇಡುತ್ತಾನೆ: ನನ್ನ ಜೊತೆ ಬಂದವರು ನಗರವನ್ನು ನೋಡಿಲ್ಲ, ತಮ್ಮ ದೇಶಕ್ಕೆ ಮರಳಿದಾಗ ಹೇಳಿಕೊಳ್ಳಲು ಏನಾದರೂ ಬೇಕಲ್ಲ, ಅಪ್ಪಣೆ ಕೊಡಿ. ಇಂದಿನ ಪ್ರವಾಸಿಯ ಆಸೆಯೂ ಇಷ್ಟೇ. ಅರಸ ಒಪ್ಪುತ್ತಾನೆ, ರಾಣಿಯರ ವಾಸದ ಭಾಗವನ್ನು ಬಿಟ್ಟು. ಅರಮನೆ ತೋರಿಸಿದವನು ನಗರದ ಅಧಿಕಾರಿ. ಪಾಯೆಸ್ ಅವನನ್ನು ‘ಗಂದರಾಜೊ’ ಎಂದು ಕರೆಯುತ್ತಾನೆ, ಸಾಳುವ ತಿಮ್ಮರಸನ ತಮ್ಮನೋ ಅಣ್ಣನೋ ಆಗಿದ್ದವನು. ಬಾಗಿಲಲ್ಲಿ ಕಾವಲಿನವರು ಅತಿಥಿಗಳ ತಲೆ ಎಣಿಸಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರೆ. ಹೊರಗೆ ಬರುವಾಗ ಮತ್ತೆ ಎಣಿಸುತ್ತಾರೆ.

ಅಂದರೆ ಪಾಯೆಸ್ ಕಂಡದ್ದು ವಿಜಯನಗರವನ್ನಲ್ಲ, ವಿಜಯನಗರ ಅವನಿಗೆ ತೋರಿಸಿದ್ದನ್ನು. ಅವನ ಬರಹವನ್ನು ಕಿಟಕಿಯ ಗಾಜಿನಂತೆ ಬಳಸುವ ನಮ್ಮ ಚರಿತ್ರೆಯ ಪಾಠಗಳು ಈ ವ್ಯತ್ಯಾಸವನ್ನು ಮರೆಯುತ್ತವೆ.

ಅದಕ್ಕಿಂತಲೂ ಮುಖ್ಯವಾದದ್ದು ಒಂದು ಗೋಡೆ. ಅರಮನೆಯೊಳಗೆ, ಇಲ್ಲಿಗೆ ಬಂದುಹೋದ ಜನರ ಬದುಕಿನ ರೀತಿಗಳನ್ನು ಚಿತ್ರಿಸಿದ್ದರಂತೆ. ಅದರಲ್ಲಿ ಪೋರ್ಚುಗೀಸರಿದ್ದರು, ಕುರುಡರು, ಭಿಕ್ಷುಕರೂ ಇದ್ದರು. ಯಾರು ಯಾರು ತಮ್ಮ ದೇಶದಲ್ಲಿ ಹೇಗೆ ಬದುಕುತ್ತಾರೆಂದು ರಾಣಿಯರು ತಿಳಿಯಲಿ ಎಂದು. ನೋಡಲು ಬಂದ ಪಾಯೆಸ್ ಅಲ್ಲಿ ತನ್ನವರನ್ನೇ ಕಾಣುತ್ತಾನೆ. ಅವನಿಗೆ ನೋಡಲು ಸಿಗದ ಹೆಂಗಸರು ಅವನ ಲೋಕವನ್ನು ಆಗಲೇ ನೋಡಿಯಾಗಿದೆ. ಇಡೀ ಬರಹದಲ್ಲಿ ಅತಿಥಿಯ ಕಣ್ಣಿಗೆ ಎದುರಾಗಿ ಆತಿಥೇಯರ ಕಣ್ಣು ಕಾಣಿಸುವ ಜಾಗ ಇದು. ಇದನ್ನು ಬಿಟ್ಟು ನಾವು ರೋಮ್‌ನ ಹೋಲಿಕೆಯನ್ನು ಎತ್ತಿಕೊಂಡೆವು. ಹೊಗಳಿಕೆ ಸುಲಭವಾಗಿ ನೆನಪಿರುತ್ತದೆ.

ಈ ಆಯ್ಕೆ ಬರೀ ಓದಿಗೆ ಸಂಬಂಧಿಸಿದ್ದಲ್ಲ. ಗೆಳತಿಯೂ ನಾನೂ ನಿಂತಿದ್ದ ಬೀದಿಯ ಮಂಟಪಗಳಲ್ಲಿ ಅಂಗಡಿ, ಹೋಟೆಲು, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ಒತ್ತುವರಿಯೆಂದು ತೆರವುಗೊಳಿಸಲಾಯಿತು. ಸ್ಮಾರಕ ಉಳಿಯಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪಾಯೆಸ್ ವರ್ಣಿಸಿದ ಪೇಟೆಯ ವ್ಯಾಪಾರಿಗಳನ್ನು ಹೊಗಳುತ್ತಲೇ, ಅದೇ ಊರಿನಲ್ಲಿ ಬಾಳೆಹಣ್ಣು, ಇಡ್ಲಿ ಮಾರುತ್ತಿದ್ದವರನ್ನು ಕಸದಂತೆ ಕಂಡೆವಲ್ಲ, ಆ ಕಣ್ಣು ಯಾರದು? ಅತಿಥಿಗೆ ಚೆನ್ನಾಗಿ ಕಾಣಲೆಂದು ಮನೆಯವರನ್ನೇ ಹಿತ್ತಲಿಗೆ ಕಳಿಸುವ ಆತಿಥ್ಯ ಅದು.

ವಾಪಸು ಬಂದಮೇಲೆ ಗೆಳತಿ ನಾನಿರುವ ಬಿನ್ನಿಪೇಟೆಯನ್ನೂ ನೋಡಬೇಕೆಂದಳು. ಅಲ್ಲೇನಿದೆ ತೋರಿಸಲು ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. 1884ರಲ್ಲಿ ಶುರುವಾಗಿ ಈ ಪೇಟೆಗೆ ಹೆಸರನ್ನೇ ಕೊಟ್ಟ ಬಿನ್ನಿ ಮಿಲ್ ಈಗಿಲ್ಲ. ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು, ಮಾಲು ಎದ್ದಿವೆ. ಉದ್ಧರಿಸಲು ನನ್ನ ಬಳಿ ಒಬ್ಬ ಪಾಯೆಸ್ ಇರಲಿಲ್ಲ. ಹಾಗಾಗಿ ನಮ್ಮ ವಠಾರದ ಅಜ್ಜಿಯ ಬಳಿ ಕರೆದುಕೊಂಡು ಹೋದೆ. ಅವರ ಯಜಮಾನರು ಮಿಲ್ಲಿನಲ್ಲಿ ನೇಯ್ಗೆ ವಿಭಾಗದಲ್ಲಿದ್ದವರು. ಗೆಳತಿ ಕೇಳಲೆಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಬಂದಿದ್ದಳು.

ಕಾಫಿ ಕೊಟ್ಟು ಅಜ್ಜಿಯೇ ಮೊದಲು ಶುರುಮಾಡಿದರು. “ಇವಳ ಊರಲ್ಲೂ ಬಟ್ಟೆ ಮಿಲ್ಲುಗಳು ಇದ್ವಂತಲ್ಲ, ಈಗ ಇದಾವಾ ಕೇಳು.” ಬಹಳಷ್ಟು ಮುಚ್ಚಿದವು, ಕೆಲವು ಅಪಾರ್ಟ್‌ಮೆಂಟುಗಳಾಗಿವೆ ಎಂದಳು ಗೆಳತಿ. ನಾನು ಕನ್ನಡದಲ್ಲಿ ಹೇಳಿದೆ.

“ಅಲ್ಲಿ ಕೆಲಸ ಮಾಡ್ತಿದ್ದೋರು ಎಲ್ಲಿಗ್ ಹೋದ್ರಂತೆ?”

ಗೆಳತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ತನ್ನ ಪ್ರಶ್ನೆಗಳ ಕೆಳಗೆ ಅಜ್ಜಿಯ ಪ್ರಶ್ನೆಯನ್ನೂ ಬರೆದುಕೊಂಡಳು.