ಟ್ರೈಡೆಂಟ್, ಪಕ್ಷಗಳು ಮತ್ತು ಕ್ರೈಸ್ತ ಮನಸ್ಸಾಕ್ಷಿ

2016ರ ಜುಲೈ 18ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ಟ್ರೈಡೆಂಟ್ ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳನ್ನು ಹೊಸದಾಗಿ ಕಟ್ಟಿಸುವ ಚರ್ಚೆ ನಡೆದಿತ್ತು. ತೆರೇಸಾ ಮೇ ಪ್ರಧಾನಿಯಾಗಿ ಆಗಿನ್ನೂ ಒಂದು ವಾರ ತುಂಬಿರಲಿಲ್ಲ. ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ (ಎಸ್‌ಎನ್‌ಪಿ) ಜಾರ್ಜ್ ಕೆರೆವನ್ ಎದ್ದು, ಒಂದು ಲಕ್ಷ ನಿರಪರಾಧಿ ಗಂಡಸರು, ಹೆಂಗಸರು, ಮಕ್ಕಳನ್ನು ಕೊಲ್ಲಬಲ್ಲ ದಾಳಿಗೆ ಸ್ವತಃ ಅಪ್ಪಣೆ ಕೊಡಲು ತಯಾರಿದ್ದೀರಾ ಎಂದು ಕೇಳಿದರು. ಹೌದು ಎಂದರು ಮೇ. ನಾವು ಬಳಸುತ್ತೇವೆಂದು ಶತ್ರುವಿಗೆ ಖಾತ್ರಿಯಿಲ್ಲದಿದ್ದರೆ ಅದನ್ನು ಇಟ್ಟುಕೊಂಡು ಪ್ರಯೋಜನವೇನು ಎಂಬುದು ಅವರ ವಾದ. ಅವರು ಆಂಗ್ಲಿಕನ್ ಪಾದ್ರಿಯ ಮಗಳು. ಆ ರಾತ್ರಿ 472 ಮತಗಳು ಪರವಾಗಿ, 117 ವಿರುದ್ಧವಾಗಿ ಬಿದ್ದವು.

ಬ್ರಿಟನ್ನಿನ ರಕ್ಷಣಾ ಚರ್ಚೆಯಲ್ಲಿ ಇಷ್ಟು ಪ್ರಾಮಾಣಿಕವಾದ ಪ್ರಶ್ನೆ ಅಪರೂಪ. ಉತ್ತರವೂ ಅಷ್ಟೇ ನೇರ. ಉಳಿದ ಹೊತ್ತಿನಲ್ಲೆಲ್ಲ ಅಲ್ಲಿನ ಪಕ್ಷಗಳು ಬೇರೆಯದನ್ನೇ ಮಾತಾಡುತ್ತವೆ: ಜಲಾಂತರ್ಗಾಮಿ ನಾಲ್ಕು ಬೇಕೋ ಮೂರು ಸಾಕೋ, 3,100 ಕೋಟಿ ಪೌಂಡಿನ ಅಂದಾಜು ಮೀರುತ್ತದೋ, ಅವುಗಳನ್ನು ಕಟ್ಟುವ ಬ್ಯಾರೋ ಪಟ್ಟಣದಲ್ಲಿ ಎಷ್ಟು ಜನರ ಕೆಲಸ ಉಳಿಯುತ್ತದೋ. ಇವೂ ಕೇಳಬೇಕಾದವೇ. ಆದರೆ ಕ್ರೈಸ್ತನಾದವನು ಇವನ್ನು ಆಮೇಲೆ ಕೇಳಬೇಕು.

ಯುದ್ಧದ ವಿಷಯದಲ್ಲಿ ಕ್ರೈಸ್ತ ಸಭೆ ಎಂದೂ ಒಂದೇ ದನಿಯಲ್ಲಿ ಮಾತಾಡಿಲ್ಲ. ವೈರಿಗಳನ್ನೂ ಪ್ರೀತಿಸಬೇಕೆಂಬ ಪರ್ವತ ಪ್ರಸಂಗದ ಬೋಧನೆಯನ್ನು ಇದ್ದಂತೆಯೇ ಹಿಡಿದ ಕ್ವೇಕರರು, ಮೆನ್ನೊನೈಟರು ಆಯುಧವನ್ನೇ ಒಲ್ಲೆ ಎಂದರು. ಅಧಿಕಾರಿಯ ಕೈಯ ಕತ್ತಿ ಕೇಡನ್ನು ತಡೆಯುವುದಕ್ಕೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದಿಂದ ಕಲಿತ ಬಹುಪಾಲು ಕ್ರೈಸ್ತರು ಸಂತ ಅಗಸ್ಟೀನ, ತೋಮಸ್ ಅಕ್ವಿನಾಸರ ನ್ಯಾಯಯುದ್ಧದ ವಿಚಾರವನ್ನು ಒಪ್ಪಿಕೊಂಡರು. ನಾನೂ ಇವರ ಪೈಕಿಯವನೇ. ಈ ವಿಚಾರದ ಷರತ್ತುಗಳು ಸಡಿಲವಲ್ಲ. ಕಾರಣ ನ್ಯಾಯವಾಗಿರಬೇಕು, ಬೇರೆ ದಾರಿ ಮುಗಿದಿರಬೇಕು, ತಡೆಯಹೊರಟ ಕೇಡಿಗಿಂತ ಮಾಡುವ ಹಾನಿ ಹೆಚ್ಚಾಗಬಾರದು, ಹೋರಾಟದಲ್ಲಿಲ್ಲದವರನ್ನು ಬೇಕೆಂದೇ ಕೊಲ್ಲಕೂಡದು. ಕೊನೆಯದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ ಹಿಟ್ಲರನ ಕಡುವಿರೋಧಿ, ಅವನನ್ನು ಎದುರಿಸಿದ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹೋಫರರ ಗೆಳೆಯ. ಆದರೂ 1944ರ ಫೆಬ್ರುವರಿ 9ರಂದು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಎದ್ದುನಿಂತು, ಜರ್ಮನ್ ನಗರಗಳನ್ನು ಸಾರಾಸಗಟಾಗಿ ಸುಡುವುದು ತಪ್ಪು ಎಂದರು. ಯುದ್ಧ ಇನ್ನೂ ನಡೆಯುತ್ತಿದ್ದಾಗ, ತಮ್ಮದೇ ಸರ್ಕಾರದ ಮುಖಕ್ಕೆ ಹೇಳಿದ ಮಾತು ಅದು.

ಈ ಅಳತೆಯಲ್ಲಿ ಟ್ರೈಡೆಂಟ್ ಎಲ್ಲಿ ನಿಲ್ಲುತ್ತದೆಂದು ನೋಡಲು ಒಂದು ಕಾಗದವನ್ನು ಹತ್ತಿರದಿಂದ ನೋಡಿದರೆ ಸಾಕು. 1969ರಿಂದ ಬ್ರಿಟನ್ನಿನ ಒಂದಾದರೂ ಅಣ್ವಸ್ತ್ರ ಜಲಾಂತರ್ಗಾಮಿ ಸದಾ ಸಮುದ್ರದ ಅಡಿಯಲ್ಲಿರುತ್ತದೆ. ಹೊಸ ಪ್ರಧಾನಿ ಅಧಿಕಾರಕ್ಕೆ ಬಂದ ಕೂಡಲೇ ನಾಲ್ಕು ಜಲಾಂತರ್ಗಾಮಿಗಳ ಕಮಾಂಡರುಗಳಿಗೆ ತಮ್ಮ ಕೈಬರಹದಲ್ಲಿ ನಾಲ್ಕು ಪತ್ರ ಬರೆಯಬೇಕು. ದೇಶವೇ ನಾಶವಾಗಿ, ಸರ್ಕಾರದಲ್ಲಿ ಯಾರೂ ಉಳಿದಿಲ್ಲವೆಂದಾದರೆ ಏನು ಮಾಡಬೇಕೆಂಬ ಆಜ್ಞೆ ಅದರಲ್ಲಿರುತ್ತದೆ. ಪತ್ರ ತಿಜೋರಿಯಲ್ಲಿರುತ್ತದೆ, ಪ್ರಧಾನಿ ಬದಲಾದಾಗ ಒಡೆಯದೆಯೇ ನಾಶಮಾಡುತ್ತಾರೆ. ಯಾರು ಏನು ಬರೆದರೆಂಬುದು ಗುಟ್ಟು. ಆದರೆ ಆ ಪತ್ರ ಒಡೆಯುವ ಹೊತ್ತಿಗೆ ಕಾಪಾಡುವುದಕ್ಕೆ ಏನೂ ಉಳಿದಿರುವುದಿಲ್ಲ ಎಂಬುದನ್ನು ಯೋಚಿಸಬೇಕು. ದಾಳಿ ಮಾಡು ಎಂದು ಬರೆದಿದ್ದರೆ ಅದರಿಂದ ಒಬ್ಬ ಬ್ರಿಟಿಷ್ ಪ್ರಜೆಯೂ ಬದುಕುವುದಿಲ್ಲ, ಮತ್ತೊಂದು ದೇಶದ ಮಕ್ಕಳು ಸಾಯುತ್ತಾರೆ ಅಷ್ಟೇ. ಬ್ಯಾಪ್ಟಿಸ್ಟ್ ಮನೆಯಲ್ಲಿ ಬೆಳೆದ ಲೇಬರ್ ಪ್ರಧಾನಿ ಜೇಮ್ಸ್ ಕ್ಯಾಲಹನ್, ಅಗತ್ಯವೆನಿಸಿದ್ದರೆ ಆಜ್ಞೆ ಕೊಡುತ್ತಿದ್ದೆ, ಆದರೆ ಆಮೇಲೆ ಬದುಕಿದ್ದರೆ ನನ್ನನ್ನು ನಾನು ಎಂದೂ ಕ್ಷಮಿಸಿಕೊಳ್ಳುತ್ತಿರಲಿಲ್ಲ ಎಂಬರ್ಥದ ಮಾತನ್ನು ಮುಂದೆ ಹೇಳಿದರು. ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಸಿಗದ ಸತ್ಯ ಆ ಮಾತಿನಲ್ಲಿದೆ.

ಕನ್ಸರ್ವೇಟಿವ್ ಪಕ್ಷದ ನಿಲುವು ಮೊದಲಿನಿಂದಲೂ ಒಂದೇ. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರಗಳನ್ನು 1994ರ ಬುಡಾಪೆಸ್ಟ್ ಒಪ್ಪಂದದ ಭರವಸೆ ನಂಬಿ ಬಿಟ್ಟುಕೊಟ್ಟ ಯುಕ್ರೇನಿನ ಗತಿ ಏನಾಯಿತೆಂದು ಅವರು ಕೇಳುತ್ತಾರೆ. ನೆರೆಯವನನ್ನು ಕಾಯುವ ಹೊಣೆಯೂ ಪ್ರೀತಿಯ ಕೆಲಸವೇ. ಅದಕ್ಕೆ ಗಟ್ಟಿ ಸೈನ್ಯ ಬೇಕು ಎಂದರೆ ನಾನು ಒಪ್ಪುತ್ತೇನೆ. ಅದರಿಂದ ನಗರಗಳನ್ನು ಸುಡುವ ಸಂಕಲ್ಪ ಸಮರ್ಥನೆಯಾಗುವುದಿಲ್ಲ. ಮೇಲಾಗಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ 6ನೇ ವಿಧಿಯಲ್ಲಿ ನಿಶ್ಶಸ್ತ್ರೀಕರಣದತ್ತ ಸಾಗುವ ಮಾತು ಕೊಟ್ಟ ದೇಶ, 2021ರಲ್ಲಿ ಬೋರಿಸ್ ಜಾನ್ಸನ್ ಸರ್ಕಾರದ ಕೈಯಲ್ಲಿ ಸಿಡಿತಲೆಗಳ ಮಿತಿಯನ್ನು 260ಕ್ಕೆ ಏರಿಸಿತು. ಕೊಟ್ಟ ಮಾತು ತಪ್ಪುವುದೂ ಒಂದು ಪಾಪ.

ಲೇಬರ್ ಪಕ್ಷದ ಕಥೆ ಹೆಚ್ಚು ನೋವಿನದು, ಅದರ ಬೇರುಗಳಲ್ಲಿ ಚರ್ಚೂ ಇದ್ದುದರಿಂದ. 1935ರಲ್ಲಿ ಅದರ ನಾಯಕ ಜಾರ್ಜ್ ಲ್ಯಾನ್ಸ್‌ಬರಿ. ಬಡವರ ಕೇರಿಯಲ್ಲೇ ಬದುಕಿದ ಆಂಗ್ಲಿಕನ್, ಯುದ್ಧವನ್ನು ಪೂರ್ತಿಯಾಗಿ ನಿರಾಕರಿಸಿದ ವ್ಯಕ್ತಿ. ಮುಸೊಲಿನಿ ಅಬಿಸೀನಿಯದ ಮೇಲೆ ಬೀಳುತ್ತಿದ್ದ ಹೊತ್ತಿಗೆ ಬ್ರೈಟನ್ ಅಧಿವೇಶನದಲ್ಲಿ ಕಾರ್ಮಿಕ ನಾಯಕ ಅರ್ನೆಸ್ಟ್ ಬೆವಿನ್, ಮನಸ್ಸಾಕ್ಷಿಯನ್ನು ಸಭೆಯಿಂದ ಸಭೆಗೆ ಹೊತ್ತು ತಿರುಗಬೇಡಿ ಎಂಬ ಅರ್ಥದಲ್ಲಿ ಅವರನ್ನು ಎಲ್ಲರೆದುರು ಜರಿದರು. ಲ್ಯಾನ್ಸ್‌ಬರಿ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. 1937ರಲ್ಲಿ ಅವರು ಹಿಟ್ಲರನನ್ನೇ ಕಂಡು ಶಾಂತಿಯ ಭರವಸೆ ಹೊತ್ತು ಮರಳಿದರು. ಅಲ್ಲಿ ಬೆವಿನ್ ಸರಿ, ಲ್ಯಾನ್ಸ್‌ಬರಿ ತಪ್ಪು. ಒಳ್ಳೆಯತನವೊಂದೇ ಅಬಿಸೀನಿಯವನ್ನು ಉಳಿಸುತ್ತಿರಲಿಲ್ಲ. ಆದರೆ ಅದೇ ಬೆವಿನ್, ಹರೆಯದಲ್ಲಿ ಬ್ರಿಸ್ಟಲ್‌ನಲ್ಲಿ ಬ್ಯಾಪ್ಟಿಸ್ಟ್ ಬೋಧಕರಾಗಿದ್ದವರು, 1946ರಲ್ಲಿ ವಿದೇಶಾಂಗ ಸಚಿವರಾಗಿ ಬ್ರಿಟನ್ನಿಗೂ ತನ್ನದೇ ಅಣುಬಾಂಬ್ ಬೇಕು, ಅದರ ಮೇಲೆ ಬ್ರಿಟಿಷ್ ಬಾವುಟವಿರಬೇಕು ಎಂದು ಹಟ ಹಿಡಿದರು. ಅಮೆರಿಕದ ಮಂತ್ರಿ ತಮ್ಮೊಡನೆ ಗತ್ತಿನಿಂದ ಮಾತಾಡಿದ್ದು ಅವರನ್ನು ಕುಟುಕಿತ್ತು. ಆ ನಿರ್ಧಾರವಾದ ಮಂತ್ರಿಗಳ ಕೂಟದಲ್ಲಿ ಆಕ್ಷೇಪವೆತ್ತಿದ ಹ್ಯೂ ಡಾಲ್ಟನ್, ಸ್ಟಾಫರ್ಡ್ ಕ್ರಿಪ್ಸ್ ಹೇಳಿದ್ದು ದುಡ್ಡಿಲ್ಲ ಎಂದು. ಕ್ರಿಪ್ಸ್ ದೈವಭಕ್ತ ಕ್ರೈಸ್ತರು. ಹಿರೋಶಿಮಾಕ್ಕೆ ವರ್ಷ ತುಂಬಿದ್ದಷ್ಟೇ. ನಾಗಾಸಾಕಿಯಲ್ಲಿ ಬಾಂಬ್ ಸಿಡಿದದ್ದು ಜಪಾನಿನ ಕ್ಯಾಥೊಲಿಕರ ಹಳೆಯ ಕೇರಿಯಾದ ಉರಕಾಮಿಯ ಮೇಲೆ, ಅಲ್ಲಿನ ಕೆಥೆಡ್ರಲ್ ಉರುಳಿಬಿದ್ದಿತ್ತು. ಆದರೂ ವಾದ ನಡೆದದ್ದು ಪ್ರತಿಷ್ಠೆಗೂ ಖರ್ಚಿಗೂ ಮಧ್ಯೆ. ಬ್ರಿಟನ್ನಿನ ಅಣ್ವಸ್ತ್ರ ನೀತಿ ಹುಟ್ಟಿದ್ದು ಹೀಗೆ, ಇಂದಿಗೂ ಅದರ ಭಾಷೆ ಬದಲಾಗಿಲ್ಲ.

1983ರಲ್ಲಿ ಅಣ್ವಸ್ತ್ರ ಬಿಡುತ್ತೇವೆಂದು ಪ್ರಣಾಳಿಕೆಯಲ್ಲಿ ಬರೆದ ಲೇಬರ್ ನೆಲಕಚ್ಚಿತು. ದಶಕ ಮುಗಿಯುವುದರೊಳಗೆ ಆ ಮಾತನ್ನು ಕೈಬಿಟ್ಟಿತು. 2016ರ ಮತದಾನದಲ್ಲಿ ಜೆರೆಮಿ ಕಾರ್ಬಿನ್ ನಾಯಕರಾಗಿದ್ದರೂ ಅವರ 140 ಸಂಸದರು ಟ್ರೈಡೆಂಟ್ ಪರ ಕೈಯೆತ್ತಿದರು. 2024ರ ಹೊತ್ತಿಗೆ ಪಕ್ಷದ ನಾಯಕ ಸರ್ ಕಿಯರ್ ಸ್ಟಾರ್ಮರ್ ನಾಲ್ಕೂ ಜಲಾಂತರ್ಗಾಮಿ ಕಟ್ಟುತ್ತೇವೆ, ಸದಾ ಒಂದನ್ನು ಕಡಲಲ್ಲಿಡುತ್ತೇವೆ, ಬೇಕಾದ ಸುಧಾರಣೆಯೆಲ್ಲ ಮಾಡುತ್ತೇವೆ ಎಂದು ಮೂರು ಬೀಗ ಜಡಿದರು. ಸೋತ ನಿಲುವನ್ನು ಬಿಡುವುದು ರಾಜಕೀಯದಲ್ಲಿ ಸಹಜ. ಅದು ಏಕೆ ತಪ್ಪೆಂದು ಯಾರೂ ತರ್ಕಿಸಿ ತೋರಿಸಲಿಲ್ಲ, ಸೋತದ್ದೇ ಕಾರಣವಾಯಿತು.

2025ರ ಫೆಬ್ರುವರಿಯಲ್ಲಿ, ಆಗ ಪ್ರಧಾನಿಯಾಗಿದ್ದ ಸ್ಟಾರ್ಮರ್ ರಕ್ಷಣಾ ವೆಚ್ಚವನ್ನು 2027ಕ್ಕೆ ರಾಷ್ಟ್ರೀಯ ಆದಾಯದ ಶೇ. 2.5ಕ್ಕೆ ಏರಿಸುವುದಾಗಿ ಘೋಷಿಸಿದರು. ದುಡ್ಡು ಬಂದದ್ದು ಬಡದೇಶಗಳಿಗೆ ಕೊಡುವ ನೆರವಿನಿಂದ, ಅದನ್ನು ಶೇ. 0.5ರಿಂದ 0.3ಕ್ಕೆ ಇಳಿಸುವುದಾಗಿ ಹೇಳಿದರು. ಇದನ್ನು ವಿರೋಧಿಸಿ ಸಚಿವೆ ಆನೆಲೀಸ್ ಡಾಡ್ಸ್ ರಾಜೀನಾಮೆ ಕೊಟ್ಟರು. ಲಿಬರಲ್ ಡೆಮಾಕ್ರಾಟರು ವೆಚ್ಚ ಏರಲಿ, ನೆರವು ಕಡಿಯಬೇಡಿ ಎಂದರು. ಆ ಒಂದು ವಿಷಯದಲ್ಲಿ ಅವರಿಗೆ ನನ್ನ ಪೂರ್ಣ ಒಪ್ಪಿಗೆ. ರಷ್ಯಾದ ಭಯಕ್ಕೆ ಬ್ರಿಟನ್ನಿನ ಶ್ರೀಮಂತರು ತೆರಿಗೆ ಕಟ್ಟಬಹುದಿತ್ತು. ಅದರ ಬದಲು ಆಫ್ರಿಕದ ಹಳ್ಳಿಯ ಲಸಿಕೆಗೆ, ಔಷಧಿಗೆ ಹೋಗಬಹುದಾಗಿದ್ದ ಹಣ ತೆಗೆದರು. ದೀನರಿಗೆ ಮಾಡಿದ್ದು ತನಗೇ ಮಾಡಿದ್ದು ಎಂದು ಯೇಸು ಹೇಳುವ, ಮತ್ತಾಯನು ಬರೆದ ಸುವಾರ್ತೆಯ 25ನೇ ಅಧ್ಯಾಯ ಓದಿದ ಯಾರೂ ಇದನ್ನು ಬರಿಯ ಲೆಕ್ಕಪತ್ರವೆಂದು ನೋಡಲಾರರು.

ಟ್ರೈಡೆಂಟ್ ಬೇಡವೆನ್ನುವ ಪಕ್ಷಗಳೂ ಪೂರ್ತಿ ಪಾಸಾಗುವುದಿಲ್ಲ. ಜಲಾಂತರ್ಗಾಮಿಗಳು ತಂಗುವ ಫಾಸ್ಲೇನ್ ಸ್ಕಾಟ್ಲೆಂಡಿನಲ್ಲಿದೆ. ಎಸ್‌ಎನ್‌ಪಿ ಅದನ್ನು ತೆಗೆಯಿರಿ ಎನ್ನುತ್ತದೆ. ಆದರೆ 2012ರಲ್ಲಿ ನೇಟೋ ಒಳಗೇ ಇರುತ್ತೇವೆಂದು ತೀರ್ಮಾನಿಸಿತು. ಬಾಂಬ್ ಮನೆಯಂಗಳದಲ್ಲಿ ಬೇಡ, ಅಮೆರಿಕದ ಬಾಂಬಿನ ಆಸರೆ ಮಾತ್ರ ಬೇಕು ಎಂದಂತಾಯಿತು. 2023ರಲ್ಲಿ ಗ್ರೀನ್ ಪಾರ್ಟಿಯೂ ನೇಟೋ ಬಗ್ಗೆ ಮೆತ್ತಗಾಯಿತು.

ಹಾಗಾದರೆ ಸಭೆ ಏನು ಮಾಡಿತು? ಅಲ್ಲಿ ಬಿಷಪ್ಪರಿಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ 26 ಪೀಠಗಳಿವೆ, ಅಧಿಕಾರದ ಕಿವಿಗೆ ಅಷ್ಟು ಹತ್ತಿರ. 1982ರ ಜುಲೈನಲ್ಲಿ ಫಾಕ್‌ಲೆಂಡ್ಸ್ ಯುದ್ಧ ಮುಗಿದ ಮೇಲೆ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಆರಾಧನೆಯಲ್ಲಿ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ಅರ್ಜೆಂಟೀನಾದ ಸತ್ತವರ ಮನೆಯವರನ್ನೂ ನೆನೆದರು. ಗೆಲುವಿನ ಹಬ್ಬ ಬಯಸಿದ್ದವರಿಗೆ ಅದು ಹಿಡಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿ ಕಾದಾಡಿ ಶೌರ್ಯಪದಕ ಪಡೆದಿದ್ದ ರನ್ಸಿಯವರಿಗೆ ಯುದ್ಧವೆಂದರೇನೆಂದು ಗೊತ್ತಿತ್ತು. ನಮ್ಮ ಕರಾವಳಿಯ ಬಾಸೆಲ್ ಮಿಷನ್ ಸಭೆಗಳಿಗೂ ಇದು ಗೊತ್ತಿರಬೇಕಾದ ಸಂಗತಿ: 1914ರ ಯುದ್ಧದಲ್ಲಿ, ಅವರಿಗೆ ದೀಕ್ಷಾಸ್ನಾನ ಕೊಟ್ಟಿದ್ದ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರುಗಳೆಂದು ಬಂಧಿಸಿತು, ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಕೈತಪ್ಪಿದವು.

ಅದೇ 1982ರಲ್ಲಿ ಸಾಲ್ಸ್‌ಬರಿಯ ಬಿಷಪ್ ಜಾನ್ ಬೇಕರ್ ನೇತೃತ್ವದ ಸಮಿತಿ, ಬ್ರಿಟನ್ ನೇಟೋದಲ್ಲಿದ್ದೇ ತನ್ನ ಅಣ್ವಸ್ತ್ರ ಬಿಡಬೇಕೆಂದು ವರದಿ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಅದು ಧೈರ್ಯದ ವರದಿ. ಆದರೆ ಎಸ್‌ಎನ್‌ಪಿಯಲ್ಲಿ ನಾನು ಕಂಡ ಕೊರತೆಯೇ ಅದರಲ್ಲೂ ಇದೆ, ಮಿತ್ರರ ಬಾಂಬಿನ ನೆರಳನ್ನು ಅದು ಪ್ರಶ್ನಿಸಿದ್ದು ಸಾಲದು. 1983ರ ಫೆಬ್ರುವರಿಯಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಸಿನೊಡ್ ಅದನ್ನು ತಳ್ಳಿಹಾಕಿತು. ರನ್ಸಿಯವರೂ ಒಪ್ಪಲಿಲ್ಲ. ಬರ್ಮಿಂಗ್‌ಹ್ಯಾಮಿನ ಬಿಷಪ್ ಹ್ಯೂ ಮಾಂಟೆಫಿಯೊರ್ ಮುಂದಿಟ್ಟ ತಿದ್ದುಪಡಿಯ ಪ್ರಕಾರ, ಯಾವ ಕಾರಣಕ್ಕೂ ಅಣ್ವಸ್ತ್ರವನ್ನು ಮೊದಲು ಬಳಸಕೂಡದು ಎಂಬಷ್ಟಕ್ಕೆ ಸಭೆ ನಿಂತಿತು. ನನಗೆ ಅದು ಸಾಲದು. ಆದರೂ ಇಡೀ ಸಭೆ ಕೂಡಿ ಹೇಳಿದ ಮಾತಾದ್ದರಿಂದ ಅದಕ್ಕೆ ತೂಕವಿತ್ತು, ಪ್ರತಿ ಚುನಾವಣೆಯಲ್ಲೂ ಪ್ರತಿ ಪಕ್ಷದ ಮುಂದೆ ಅದನ್ನಿಟ್ಟು ಉತ್ತರ ಕೇಳಬಹುದಿತ್ತು. ಬ್ರಿಟನ್ನಿನ ಯಾವ ಸರ್ಕಾರವೂ ಇಂದಿಗೂ ಆ ಭರವಸೆ ಕೊಟ್ಟಿಲ್ಲ. ಚೀನಾ 1964ರಲ್ಲಿ ಮೊದಲ ಬಾಂಬ್ ಸಿಡಿಸಿದ ದಿನವೇ ಅದನ್ನು ಹೇಳಿತು, ಭಾರತ 2003ರಲ್ಲಿ ಪ್ರಕಟಿಸಿದ ತನ್ನ ಅಣ್ವಸ್ತ್ರ ನೀತಿಯಲ್ಲಿ ಬರೆದಿಟ್ಟಿತು. ರಾಜನೇ ಸಭೆಯ ಮುಖ್ಯಸ್ಥನಾಗಿರುವ ದೇಶ ಇನ್ನೂ ಬಾಯಿಬಿಟ್ಟಿಲ್ಲ.