ಎಫ್ 64 ಪಂಥವೂ ಎಡ್ವರ್ಡ್ ವೆಸ್ಟನ್ನನ ದೃಷ್ಟಿಯೂ

1932ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ವಸ್ತುಸಂಗ್ರಹಾಲಯದಲ್ಲಿ ಹನ್ನೊಂದು ಮಂದಿ ಛಾಯಾಗ್ರಾಹಕರ ಪ್ರದರ್ಶನವೊಂದು ನಡೆಯಿತು. ಅವರಲ್ಲಿ ಏಳು ಮಂದಿ ತಮ್ಮನ್ನು ‘ಎಫ್ 64 ಗುಂಪು’ ಎಂದು ಕರೆದುಕೊಂಡವರು. ಉಳಿದ ನಾಲ್ವರು ಆಹ್ವಾನಿತರು. ಎಫ್ 64 ಎಂಬುದು ಮಸೂರದ ರಂಧ್ರವನ್ನು ಬಹುಮಟ್ಟಿಗೆ ಕಿರಿದುಗೊಳಿಸಿದಾಗಿನ ಗುರುತು. ಹಾಗೆ ಕಿರಿದುಗೊಳಿಸಿದಾಗ ಕಾಲಬಳಿಯ ಕಲ್ಲೂ ದಿಗಂತದ ಬೆಟ್ಟವೂ ಒಂದೇ ಸ್ಫುಟತೆಯಿಂದ ಪಟದಲ್ಲಿ ಮೂಡುತ್ತವೆ. ಕಲಾಪಂಥವೊಂದು ಯಂತ್ರದ ಮೇಲಣ ಅಂಕಿಯನ್ನೇ ತನ್ನ ನಾಮಧೇಯವಾಗಿ ಧರಿಸಿತೆಂಬಲ್ಲಿ ಅದರ ಧೈರ್ಯವೂ ಅದರ ಸಂಕೋಚವೂ ಏಕಕಾಲದಲ್ಲಿ ವ್ಯಕ್ತವಾಗಿವೆ.

ಪಂಥವನ್ನು ಅರಿಯಬೇಕಾದರೆ ಅದು ಯಾರ ಮೇಲೆ ಮುನಿದಿತ್ತೆಂಬುದನ್ನು ಮೊದಲು ಅರಿಯಬೇಕು. ಅಂದಿನ ಚಿತ್ರಾತ್ಮಕ ಪಂಥದವರು ನೋಟವನ್ನು ಮಸಕುಗೊಳಿಸುವ ಮಸೂರಗಳಿಂದಲೂ, ಕತ್ತಲೆಕೋಣೆಯಲ್ಲಿ ಅಂಟು, ಬಣ್ಣ, ಕುಂಚಗಳ ಉಪಚಾರದಿಂದಲೂ ಛಾಯಾಚಿತ್ರವನ್ನು ಇದ್ದಿಲಿನ ಚಿತ್ರದಂತೆ ತೋರಿಸಲು ಶ್ರಮಿಸುತ್ತಿದ್ದರು. ಯಂತ್ರದಿಂದ ಹುಟ್ಟಿದುದು ಕಲೆಯಾಗಲಾರದೆಂದು ಪಂಡಿತರು ಮೂಗು ಮುರಿಯುತ್ತಿದ್ದ ದಿನಗಳಲ್ಲಿ, ಚಿತ್ರಕಲೆಯ ವೇಷವನ್ನು ತೊಟ್ಟಾದರೂ ಕಲಾಸಭೆಯನ್ನು ಪ್ರವೇಶಿಸಿದ ಅವರ ಉಪಕಾರವನ್ನು ಮರೆಯಲಾಗದು. ಪ್ರವೇಶ ದೊರೆತ ಮೇಲೂ ಆ ವೇಷವನ್ನು ಕಳಚಲೊಲ್ಲದುದು ಅವರ ದೋಷ. ಮಂಜಿನೊಳಗಿನ ಎತ್ತಿನ ಗಾಡಿ ನಮ್ಮ ಸಲೋನು ಎಂಬ ಛಾಯಾಚಿತ್ರ ಸ್ಪರ್ಧೆಗಳಿಗೆ ಎಷ್ಟು ಪ್ರಿಯವೆಂಬುದನ್ನು ಬಲ್ಲವರಿಗೆ ಈ ರೋಗವೇನೂ ಅಪರಿಚಿತವಲ್ಲ.

ಈ ರೋಗದಿಂದ ಬಿಡುಗಡೆ ಹೊಂದಿದವರಲ್ಲಿ ಅಗ್ರಗಣ್ಯನಾದ ಎಡ್ವರ್ಡ್ ವೆಸ್ಟನ್ನನು ತಾನೇ ಮೊದಲು ಅದರಲ್ಲಿ ಕೀರ್ತಿ ಸಂಪಾದಿಸಿದವನು. 1886ರಲ್ಲಿ ಇಲಿನಾಯ್ ಪ್ರಾಂತದಲ್ಲಿ ಜನಿಸಿ, 1911ರಲ್ಲಿ ಕ್ಯಾಲಿಫೋರ್ನಿಯಾದ ಟ್ರಾಪಿಕೋ ಎಂಬ ಊರಿನಲ್ಲಿ ಸ್ಟುಡಿಯೋ ತೆರೆದ ಈತನು ಮಸಕು ನೋಟದ ಭಾವಚಿತ್ರಗಳಿಗಾಗಿ ಸಲೋನುಗಳಲ್ಲಿ ಬಹುಮಾನಗಳನ್ನು ಗಳಿಸಿದ್ದನು. 1922ರಲ್ಲಿ ಒಹಾಯೋದ ಆರ್ಮ್ಕೋ ಉಕ್ಕಿನ ಕಾರ್ಖಾನೆಯ ಹೊಗೆಕೊಳವೆಗಳನ್ನು ಯಾವ ಅಲಂಕಾರವೂ ಇಲ್ಲದೆ ಚಿತ್ರಿಸಿದುದು ಅವನ ಬಾಳಿನ ತಿರುವು. ಮರುವರ್ಷ ಸಂಗಾತಿ ಟೀನಾ ಮೊಡೊಟ್ಟಿಯೊಡನೆ ಮೆಕ್ಸಿಕೋಗೆ ತೆರಳಿ, ಅಲ್ಲಿಯ ಪ್ರಖರವಾದ ಬಿಸಿಲಿನಲ್ಲಿ ಮಸಕಿನ ಆಸೆಯನ್ನು ಸಂಪೂರ್ಣವಾಗಿ ತೊರೆದನು. 1925ರಲ್ಲಿ ಆತನು ತನ್ನ ಮನೆಯ ಶೌಚಾಲಯದ ಪಿಂಗಾಣಿ ಪಾತ್ರೆಯನ್ನೇ ಚಿತ್ರಿಸಿ, ಅದರ ಬಾಗು ಬಳುಕುಗಳಲ್ಲಿ ಗ್ರೀಕ್ ಶಿಲ್ಪಕ್ಕೆ ಸರಿಗಟ್ಟುವ ಸೌಂದರ್ಯವನ್ನು ಕಂಡನು. ಪಂಥ ಹುಟ್ಟುವುದಕ್ಕೆ ಇನ್ನೂ ಏಳು ವರ್ಷಗಳಿದ್ದುವು.

1930ರ ಆಗಸ್ಟಿನಲ್ಲಿ ತೆಗೆದ ‘ಪೆಪ್ಪರ್ ನಂ. 30’ ಎಂಬ ಪ್ರಸಿದ್ಧ ಚಿತ್ರದ ಬಳಿ ತುಸು ನಿಲ್ಲಬೇಕು. ಅದು ಶಿಷ್ಯೆ ಸೋನ್ಯಾ ನಾಸ್ಕೋವಿಯಾಕ್ ತಂದಿತ್ತ ದಪ್ಪ ಮೆಣಸಿನಕಾಯಿಗಳಲ್ಲೊಂದು. ಬಟ್ಟೆಯ ಹಿನ್ನೆಲೆಯೂ ಕಾಗದದ ಹಿನ್ನೆಲೆಯೂ ತೃಪ್ತಿಯನ್ನೀಯದಿರಲು, ವೆಸ್ಟನ್ನನು ತಗಡಿನ ಲಾಳಿಕೆಯೊಂದನ್ನು ಅಡ್ಡಲಾಗಿರಿಸಿ, ಅದರ ಬಾಯೊಳಗೆ ಕಾಯನ್ನು ನಿಲ್ಲಿಸಿದನು. ತಗಡಿನ ಒಳಮೈಯಿಂದ ಪ್ರತಿಫಲಿಸಿದ ಬೆಳಕು ಕಾಯ ಸುತ್ತಲೂ ಹರಿದು, ನೆರಳಿನ ಅಂಚುಗಳನ್ನು ಸಹ ಮೃದುವಾಗಿ ಬೆಳಗಿತು. ರಂಧ್ರ ಸೂಕ್ಷ್ಮವಾದುದರಿಂದ ಎಕ್ಸ್‌ಪೋಷರಿಗೆ ನಿಮಿಷಗಟ್ಟಲೆ ಕಾಲ ಬೇಕಾಯಿತು. ಫಲವಾಗಿ ಮೂಡಿದುದು ಒಂದನ್ನೊಂದು ತಬ್ಬಿ ಬಾಗಿದ ಎರಡು ದೇಹಗಳಂತೆಯೂ, ಮುಷ್ಟಿಯಂತೆಯೂ ಕಾಣುವ, ಆದರೂ ಕಟ್ಟಕಡೆಗೆ ಮೆಣಸಿನಕಾಯಿಯಾಗಿಯೇ ಉಳಿಯುವ ರೂಪ. ಇಂತಹ ರೂಪದರ್ಶಿಗಳನ್ನು ಚಿತ್ರ ಮುಗಿದ ಮೇಲೆ ಮನೆಯವರು ತಿಂದುಬಿಡುತ್ತಿದ್ದರೆಂಬುದನ್ನು ವೆಸ್ಟನ್ನನೇ ತನ್ನ ದಿನಚರಿಯಲ್ಲಿ ನಗುತ್ತ ಬರೆದಿಟ್ಟಿದ್ದಾನೆ.

ಈ ಚಿತ್ರವನ್ನು ಮುಂದಿಟ್ಟುಕೊಂಡು ಪಂಥದ ಘೋಷಣೆಯನ್ನು ಓದಿದರೆ ಅದರ ಬಿರುಕು ಕಾಣತೊಡಗುತ್ತದೆ. ಶುದ್ಧ ಛಾಯಾಗ್ರಹಣವು ತಂತ್ರದಲ್ಲಾಗಲಿ ವಿನ್ಯಾಸದಲ್ಲಾಗಲಿ ಭಾವದಲ್ಲಾಗಲಿ ಬೇರೊಂದು ಕಲೆಯಿಂದ ಯಾವ ಗುಣವನ್ನೂ ಎರವಲು ಪಡೆಯಬಾರದೆಂಬುದು ಆ ಘೋಷಣೆಯ ತಿರುಳು. ಆದರೆ ವೆಸ್ಟನ್ನನಿಗೆ ಶಂಖಗಳ ರೂಪವೈಭವದತ್ತ ಕಣ್ತೆರೆಸಿದುದು 1927ರಲ್ಲಿ ಹೆನ್ರಿಯೆಟಾ ಶೋರ್ ಎಂಬ ಚಿತ್ರಕರ್ತ್ರಿ ಬರೆಯುತ್ತಿದ್ದ ಶಂಖಗಳ ವರ್ಣಚಿತ್ರ! ಅಲ್ಲದೆ, ಲಾಳಿಕೆಯೊಳಗೆ ಕಾಯನ್ನು ನಿಲ್ಲಿಸುವುದು ಶಿಲ್ಪಿಯ ಕೆಲಸವೇ ಹೊರತು ಕಂಡುದನ್ನು ಕಂಡಂತೆ ದಾಖಲಿಸುವ ಯಂತ್ರದ ಕೆಲಸವಲ್ಲ. ಶುದ್ಧಿಯ ನಿಯಮವು ವೆಸ್ಟನ್ನನ ಸಾಧನೆಗೆ ಕಾರಣವಾಗಿರಲಿಲ್ಲ. ಆತನ ಸಾಧನೆಯ ಒಂದು ಲಕ್ಷಣವನ್ನು ಇತರರು ನಿಯಮವಾಗಿ ಮಾರ್ಪಡಿಸಿಕೊಂಡರು. ಸ್ಫುಟತೆ ಮಾತ್ರದಿಂದ ದೃಷ್ಟಿ ಒದಗುವುದಾಗಿದ್ದರೆ, ಉತ್ತಮವಾದ ಮಸೂರವುಳ್ಳ ಪ್ರತಿಯೊಬ್ಬನೂ ವೆಸ್ಟನ್ನನಾಗಬೇಕಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತಲೂ ಗುರುತರವಾದುದು. ಕೋಟ್ಯಂತರ ಜನ ಕೆಲಸ ಕಳೆದುಕೊಂಡಿದ್ದ ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ, ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ ತನ್ನ ಸ್ಟುಡಿಯೋ ಬಿಟ್ಟು ಬೀದಿಗಿಳಿದು ಅನ್ನಕ್ಕಾಗಿ ನಿಂತವರ ಸಾಲನ್ನು ಚಿತ್ರಿಸುತ್ತಿದ್ದಾಗ, ಈ ಪಂಥದವರು ಕಲ್ಲು, ಮರದ ತೊಗಟೆ, ಎಲೆಗಳ ಎದುರು ನಿಂತಿದ್ದರು. ಆಕ್ಷೇಪದಲ್ಲಿ ಸತ್ಯವಿದೆ, ಆದರೆ ಅದು ಪಂಥಕ್ಕೆ ತಾಕುವಷ್ಟು ವೆಸ್ಟನ್ನನಿಗೆ ತಾಕದು. 1937ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದ ಪ್ರಥಮ ಛಾಯಾಗ್ರಾಹಕನಾಗಿ ಕ್ಯಾಲಿಫೋರ್ನಿಯಾವನ್ನು ಸುತ್ತತೊಡಗಿದ ಆತನು ಮರುಭೂಮಿಯಲ್ಲಿ ಸತ್ತು ಬಿದ್ದ ಅನಾಮಿಕ ಪಥಿಕನ ಮುಖವನ್ನೂ, ಮೆಣಸಿನಕಾಯಿಯನ್ನು ನೋಡಿದ ಅದೇ ನಿಶ್ಚಲ ಗೌರವದಿಂದ ನೋಡಿದನು. ಗುಂಪಾದರೋ ಅಷ್ಟರೊಳಗೆ, 1935ರ ಹೊತ್ತಿಗೇ, ಚದುರಿಹೋಗಿತ್ತು.

ಪಂಥದೊಳಗೂ ಒಮ್ಮತವಿರಲಿಲ್ಲವೆಂಬುದಕ್ಕೆ ಗುಂಪಿನ ಸದಸ್ಯನಾದ ಆನ್ಸೆಲ್ ಆಡಮ್ಸನೇ ನಿದರ್ಶನ. ಆತನಿಗೆ ನೆಗೆಟಿವ್ ಎಂಬುದು ಸ್ವರಲಿಪಿ, ಪ್ರಿಂಟು ಅದರ ಗಾಯನ. 1941ರ ‘ಮೂನ್‌ರೈಸ್’ ಚಿತ್ರದ ಆಕಾಶವನ್ನು ದಶಕಗಳುದ್ದಕ್ಕೂ ಹೆಚ್ಚು ಹೆಚ್ಚು ಕಪ್ಪಾಗಿಸುತ್ತ ಆತನು ಮತ್ತೆ ಮತ್ತೆ ‘ಹಾಡಿದನು’. ವೆಸ್ಟನ್ನನಿಗಾದರೋ ಕ್ಯಾಮೆರಾದ ಗಾಜಿನ ಮೇಲೆ ಬಿಂಬ ನಿಂತ ಕ್ಷಣದಲ್ಲಿಯೇ ಚಿತ್ರ ಮನಸ್ಸಿನಲ್ಲಿ ಪೂರ್ಣಗೊಳ್ಳಬೇಕು. 8×10 ಅಂಗುಲದ ನೆಗೆಟಿವನ್ನು ಹಿಗ್ಗಿಸದೆ, ಕಾಗದಕ್ಕೆ ನೇರವಾಗಿ ಒತ್ತಿ ಪ್ರಿಂಟು ತೆಗೆಯುವುದು ಉಳಿದ ಕೆಲಸ. ನನ್ನ ಎಣಿಕೆಯಲ್ಲಿ ಈತನ ಸ್ವಂತ ದರ್ಶನವೆಂಬುದು ಇಲ್ಲಿಯೇ ಇದೆ. ಎಫ್ 64ರ ಅಂಕಿಯಲ್ಲಿಲ್ಲ.

ಪಾರ್ಕಿನ್ಸನ್ ವ್ಯಾಧಿಯಿಂದ ಕೈ ನಡುಗತೊಡಗಿದ ವೆಸ್ಟನ್ನನು 1948ರಲ್ಲಿ ಪಾಯಿಂಟ್ ಲೋಬೋಸಿನ ಕಡಲತೀರದಲ್ಲಿ ತನ್ನ ಕಡೆಯ ಚಿತ್ರಗಳನ್ನು ತೆಗೆದನು. ಅನಂತರ ತಾನು ಆರಿಸಿದ ನೆಗೆಟಿವ್‌ಗಳ ಪ್ರಿಂಟುಗಳನ್ನು ತನ್ನ ಕಣ್ಣೆದುರಿನಲ್ಲಿ ಮಗ ಬ್ರೆಟ್ಟನಿಂದ ಮಾಡಿಸಿದನು. 1958ರ ಜನವರಿ 1ರಂದು ತೀರಿಕೊಂಡನು. 1932ರ ಪ್ರದರ್ಶನದ ನಾಲ್ವರು ಆಹ್ವಾನಿತರಲ್ಲಿ ಒಬ್ಬನಾಗಿದ್ದ ಬ್ರೆಟ್ಟನು, ತನ್ನ ನೆಗೆಟಿವ್‌ಗಳಿಂದ ಅನ್ಯರು ಪ್ರಿಂಟು ತೆಗೆಯಕೂಡದೆಂದು, ತನ್ನ ಎಂಬತ್ತನೆಯ ಹುಟ್ಟುಹಬ್ಬದಂದು ಅವುಗಳಲ್ಲಿ ಬಹುಪಾಲನ್ನು ಬೆಂಕಿಗೆ ಹಾಕಿದನು. ತಂದೆಯ ನೆಗೆಟಿವ್‌ಗಳಿಂದಾದರೋ, ತಂದೆಯದೇ ಅನುಮತಿಯಂತೆ, ಮತ್ತೊಬ್ಬ ಮಗ ಕೋಲನು ದಶಕಗಳ ಕಾಲ ಪ್ರಿಂಟುಗಳನ್ನು ತೆಗೆಯುತ್ತಲೇ ಇದ್ದನು.