ಬೆಲ್ಲ ಸುರಿದು ಸಿಪ್ಪೆ ಉಳಿಸುವ ಲೆಕ್ಕ

ನಿಂಬೆ, ಮೋಸಂಬಿ ಸಿಪ್ಪೆಗೆ ಬೆಲ್ಲ, ನೀರು ಸೇರಿಸಿ ಮೂರು ತಿಂಗಳು ಮುಚ್ಚಿಟ್ಟರೆ ನೆಲ ಒರೆಸುವ ‘ಬಯೋ ಎಂಜೈಮ್’ ತಯಾರಂತೆ. ಮೊಬೈಲಿನಲ್ಲಿ ಹರಿದಾಡುವ ಈ ಪಾಠದ ಅಳತೆ ಹೀಗಿದೆ: ಬೆಲ್ಲ ಒಂದು ಪಾಲು, ಸಿಪ್ಪೆ ಮೂರು, ನೀರು ಹತ್ತು. ಅಂದರೆ 300 ಗ್ರಾಂ ಸಿಪ್ಪೆ ಉಳಿಸಲು 100 ಗ್ರಾಂ ಬೆಲ್ಲ ಕಳೆಯಬೇಕು. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರದ ಸುತ್ತಲಿನವರಿಗಾದರೂ ಇದು ಹೊಳೆಯಬೇಕಿತ್ತು. ಆ ಬೆಲ್ಲದ ಹಿಂದೆ ಕಬ್ಬು ಕುಡಿದ ಕಾಲುವೆಯ ನೀರಿದೆ, ಗಾಣದ ಒಲೆಯ ಬೆಂಕಿಯಿದೆ. ಕೊನೆಗೆ ಸಿಗುವುದೊಂದು ಹುಳಿ ದ್ರವ. ನಲ್ಲಿಗೆ ಕಟ್ಟಿದ ಉಪ್ಪನ್ನು ಅದು ಸಡಿಲಿಸೀತು. ಸಾರಿಗೆ ಹಿಂಡಿ ಉಳಿದ ಹುಣಸೆ ಚರಟವೂ ಪುಕ್ಕಟೆಯಾಗಿ ಅಷ್ಟು ಮಾಡುತ್ತದೆ.

ಗಿಡದ ಬುಡಕ್ಕೆ ಮೊಟ್ಟೆಯ ಚಿಪ್ಪು ಹಾಕಿ ಎನ್ನುವ ಸಲಹೆಯೂ ಇಂಥದ್ದೇ. ಚಿಪ್ಪೆಂದರೆ ಬಹುಪಾಲು ಸುಣ್ಣ. ಮುಧೋಳ, ಜಮಖಂಡಿಯ ಎರಿ ಮಣ್ಣಿನಲ್ಲಿ ಅದು ಮೊದಲೇ ಧಾರಾಳ. ಮಲೆನಾಡಿನ ಹುಳಿ ಮಣ್ಣಿಗೆ ಸಲ್ಲುವ ಮಾತನ್ನು ಇಲ್ಲಿ ಪಾಲಿಸಿ ಏನು ಬಂತು?

ಬದಲಿಗೆ ನಮ್ಮ ಅಡುಗೆಮನೆಯಲ್ಲಿ ಹೋಳಿಗೆಗೆ ಬೇಯಿಸಿದ ಕಡಲೆಬೇಳೆ ಬಸಿದ ನೀರು ಕಟ್ಟಿನ ಸಾರಾಗುವುದನ್ನು ನೋಡಿ. ಹೀರೆಕಾಯಿ ಹೆರೆದ ಸಿಪ್ಪೆ ಚಟ್ನಿಯಾಗುತ್ತದೆ. ವಾರಗಟ್ಟಲೆ ಕೆಡದ ಕಟಕ ರೊಟ್ಟಿ ಬುಟ್ಟಿಯಲ್ಲಿರುತ್ತದೆ. ಇಲ್ಲಿ ಕಸವೇ ಹುಟ್ಟುವುದಿಲ್ಲ. ಪರಿಸರದ ಹೆಸರು ಹೇಳದ ಈ ಅಡುಗೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಹಾಗೆಂದು ಹಳೆಯ ಮನೆಯನ್ನು ಹೊಗಳುತ್ತ ಕೂಡುವಂತಿಲ್ಲ. ಸಿಪ್ಪೆ, ಉಳಿಕೆಯನ್ನು ದನಕ್ಕೆಂದು ಕೂಡಿಡುವ ಮುಸುರಿ ಬಾನಿಯ ವ್ಯವಸ್ಥೆ ನಿಂತಿದ್ದದ್ದು ಎಮ್ಮೆಯ ಹೊಟ್ಟೆಯ ಮೇಲೆ, ನಸುಕಿನಲ್ಲಿ ಸಗಣಿ ಬುಟ್ಟಿ ಹೊತ್ತು ತಿಪ್ಪಿಗೆ ನಡೆದ ಹೆಂಗಸರ ತಲೆಯ ಮೇಲೆ. ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಗ್ಗಕ್ಕೇ ಜಾಗ ಸಾಲದು, ಎಮ್ಮೆಯನ್ನು ಎಲ್ಲಿ ಕಟ್ಟುವುದು? ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ಬೀಳಗಿ ಭಾಗದ ಮನೆಗಳು ಹಿತ್ತಲನ್ನೂ ಬಿಟ್ಟೇ ಬಂದಿವೆ.

ಅಂಥ ಮನೆಗಳಿಗೆ ಮಾಳಿಗೆಯ ಮೇಲಿನ ಗೊಬ್ಬರದ ಕುಂಡ ಒಳ್ಳೆಯ ದಾರಿ, ಕೆಡಿಸಿಕೊಳ್ಳದಿದ್ದರೆ. ಬರೀ ಹಸಿ ಸಿಪ್ಪೆ ತುಂಬಿದರೆ ಗಾಳಿಯಾಡದೆ ಕೊಳೆತು ನಾರುತ್ತದೆ, ಹುಳ ಬೀಳುತ್ತದೆ. ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 30ಕ್ಕೆ 1 ಇರಬೇಕು. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಕಡಿಮೆ, ಅದನ್ನು ಒಣ ಎಲೆಯಿಂದ ತುಂಬಬೇಕು. ಅದಕ್ಕೆಂದು ತೆಂಗಿನ ನಾರಿನ ಪುಡಿ ಕೊಳ್ಳುವವರಿದ್ದಾರೆ! ಕಬ್ಬು ಕಡಿದ ಮೇಲೆ ಹೊಲದಲ್ಲಿ ಬೆಂಕಿ ಹಚ್ಚುವ ರವದಿ ಈ ಊರುಗಳ ಸುತ್ತ ಬಿದ್ದಿರುತ್ತದೆ. ಒಂದು ಹೊರೆ ತಂದು ಸಣ್ಣಗೆ ಕತ್ತರಿಸಿ ಪದರ ಹಾಕಿದರೆ ಸಾಕು. ಬೇಸಿಗೆಯಲ್ಲಿ ಕುಂಡ ಒಣಗಿ ಕೆಲಸ ನಿಲ್ಲಿಸುತ್ತದೆ, ಆಗ ನೀರು ಚಿಮುಕಿಸಬೇಕು.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಬೇರೆ ಬೇರೆ ಬುಟ್ಟಿ. ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಹಿಂದಿನ ತಿಪ್ಪಿ ಏನು ಹಾಕಿದರೂ ಅರಗಿಸಿಕೊಳ್ಳುತ್ತಿತ್ತು, ಹಾಕಿದ್ದೆಲ್ಲ ಕೊಳೆಯುವಂಥದ್ದೇ ಆಗಿತ್ತು. ಈಗ ಶಾಂಪೂ ಚೀಟು, ಹಾಲಿನ ಪ್ಯಾಕೆಟ್ಟು ಗೊಬ್ಬರದ ಜೊತೆ ಹೊಲ ಸೇರುತ್ತವೆ. ಸಿಪ್ಪೆಯನ್ನು ಕ್ಯಾರಿಬ್ಯಾಗಿನಲ್ಲಿ ಗಂಟು ಕಟ್ಟಿ ಎಸೆದರೆ ಬೀದಿ ದನ ಚೀಲಸಮೇತ ನುಂಗುತ್ತದೆ. ಕುಂಡದ ಗೊಡವೆ ಬೇಡವೆನ್ನುವವರು ತಾಜಾ ಸಿಪ್ಪೆಯನ್ನು ಬುಟ್ಟಿಯಲ್ಲಿಟ್ಟು ಎಮ್ಮೆಯಿರುವ ಮನೆಗೆ ಮುಟ್ಟಿಸಿದರೂ ಆದೀತು. ಬೂಷ್ಟು ಹಿಡಿದದ್ದನ್ನು ಮಾತ್ರ ಮೊದಲೇ ಆರಿಸಿ ತೆಗೆಯಬೇಕು.